ಅಯಸ್ಕಾಂತಕ್ಕೆ ಅಂಟಿದ ನೇರಳೆ ಪುಡಿ

ಹೊನ್ನಾವರದ ಕಾಲೇಜಿನಲ್ಲಿ ನಮಗೆ ರಸಾಯನಶಾಸ್ತ್ರ ಕಲಿಸುತ್ತಿದ್ದ ಅಧ್ಯಾಪಕರು, ನಾವು ಯಾವ ಉತ್ತರ ಕೊಟ್ಟರೂ, "ಎಂತಕ್ಕೆ ಹಾಗೆ? ಅದ್ನ ಹೇಳು" ಎನ್ನುತ್ತಿದ್ದರು. ಲೋಹವಿಲ್ಲದ ಸಾವಯವ ವಸ್ತುವನ್ನೂ ಅಯಸ್ಕಾಂತವಾಗಿಸಬೇಕೆಂಬುದು, ಎಂಬತ್ತರ ದಶಕದ ಆ ದಿನಗಳಲ್ಲಿ, ಅವರ ಹಂಬಲ. ಎರಡು ಅಂಗೈಗಳನ್ನು ಒಂದಕ್ಕೊಂದು ಒತ್ತಿ ತೋರಿಸುತ್ತಿದ್ದರು: ಅಣುವಿನಲ್ಲಿ ಎಲೆಕ್ಟ್ರಾನುಗಳು ಹೀಗೆ ಜೋಡಿಯಾದರೆ ಒಂದರ ಕಾಂತತೆಯನ್ನು ಇನ್ನೊಂದು ಅಳಿಸುತ್ತದೆ. ಒಂದು ಎಲೆಕ್ಟ್ರಾನ್ ಒಂಟಿಯಾಗಿ ಉಳಿಯುವಂತೆ ಅಣುವನ್ನು ಕಟ್ಟಬೇಕು. ಆ ಒಂಟಿಗಳೆಲ್ಲ ಒಂದೇ ದಿಕ್ಕಿಗೆ ತಿರುಗುವಂತೆ ಅಣುಗಳನ್ನು ಜೋಡಿಸಬೇಕು.

ಎರಡು ವರ್ಷ ಒದ್ದಾಡಿ ಅವರು ತಯಾರಿಸಿದ ನೇರಳೆ ಪುಡಿ ಒಂದು ದಿನ ಅಯಸ್ಕಾಂತಕ್ಕೆ ಅಂಟಿಯೇಬಿಟ್ಟಿತು. ಪ್ರಾಂಶುಪಾಲರು ಸನ್ಮಾನ ಸಭೆ ಕರೆದರು.

ಸಭೆಯ ದಿನ ಬೆಳಿಗ್ಗೆ ಹಳದೀಪುರದಿಂದ ಮೊದಲ ಬಸ್ಸಿಗೆ ಬಂದ ನಾನು ಪ್ರಯೋಗಶಾಲೆಗೆ ಹೋದರೆ ನಮ್ಮ ಅಧ್ಯಾಪಕರು ಒಬ್ಬರೇ ನಿಂತಿದ್ದರು. ಪುಡಿಯನ್ನು ಆಮ್ಲದಲ್ಲಿ ತೊಳೆದು, ಆ ಆಮ್ಲಕ್ಕೆ ಕಬ್ಬಿಣ ಪತ್ತೆಹಚ್ಚುವ ದ್ರಾವಣ ಹನಿಸಿದ್ದರು. ಗಾಜಿನ ನಳಿಕೆಯೊಳಗಿನ ದ್ರವ ಕೆಂಪಾಗಿತ್ತು, ಕಬ್ಬಿಣ ಇದೆ ಎಂಬುದರ ಗುರುತು.

"ಎಂತ ಆತು ಸರ್?"

"ಕಬ್ಬಿಣದ ಚಮಚದಲ್ಲಿ ಕೆರೆದಿದ್ದೆ ಮಾರಾಯ್ತಿ. ಅದರ ಚೂರು ಸೇರ್ಕಂಡದೆ. ಅಂಟಿದ್ದು ಅದು, ನನ್ನ ಪುಡಿ ಅಲ್ಲ."

"ಯಾರಿಗೆ ಗೊತ್ತಾಗ್ತದೆ ಸರ್?"

"ನಂಗೆ ಗೊತ್ತಾತಲ್ಲ."

ಸಂಜೆ ಹಾರ ಹಾಕುವ ಮೊದಲೇ ಎದ್ದು ನಿಂತು ಎಲ್ಲವನ್ನೂ ಹೇಳಿದರು. ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಅವರ ಕಿವಿ ಕೆಂಪಾಯಿತು, ಆದರೆ ದನಿ ನಡುಗಲಿಲ್ಲ.

ಮರುದಿನ ಅವರು ಒಲೆ ಹಚ್ಚಿ ಮೊದಲಿನಿಂದ ಶುರು ಮಾಡಿದ್ದರು. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳಿದರು:

"ಈ ಸಲ ನಾ ತಪ್ಪಿದ್ರೆ ನೀ ಕೂಡ್ಲೆ ಹೇಳ್ಬೇಕು."