ಒಂದೆಲಗದ ಚಟ್ನಿ

ಒಂದೆಲಗ ತಿಂದರೆ ಬಿಪಿ ಇಳಿಯುತ್ತದೆಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ನಂಬಿ, ನಾನು ಹೆಂಡತಿಯ ಮೇಲೆ ಪರೀಕ್ಷೆಗೆ ಹೊರಟೆ. ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನ ನೀರಿನ ಟಾಂಕಿಯ ಬುಡದಲ್ಲಿ ಆ ಸೊಪ್ಪು ಧಾರಾಳವಾಗಿತ್ತು. ಡಾಕ್ಟರರ ಮಾತ್ರೆ ಬಿಡಿಸಿ ರಸ ಹಿಂಡಿ ಕೊಟ್ಟೆ. ಅವಳು ಥೂ ಎಂದು ಉಗಿದಳು.

"ನೀವೇ ಕುಡೀರಿ. ನನಗೆ ಬಿಪಿ ಬಂದದ್ದೇ ನಿಮ್ಮಿಂದ!"

ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಜೀವಮಾನವಿಡೀ ಚಟ್ನಿ ರುಬ್ಬಿದವನು ಸೋಲುವುದುಂಟೇ? ಕಾಯಿ, ಹುಣಸೆ, ಹಸಿಮೆಣಸು ಸೇರಿಸಿ, ಕಹಿ ಅಡಗುವಷ್ಟು ಉಪ್ಪು ಹಾಕಿ ಚಟ್ನಿ ಮಾಡಿದೆ. ಅವಳು ದಿನವೂ ಮತ್ತೆ ಮತ್ತೆ ಬಡಿಸಿಕೊಂಡಳು. ಮದ್ದು ಹಿಡಿಯಿತೆಂದು ನಾನು ಬಿಲ್ಡಿಂಗಿಗೆಲ್ಲ ಸಾರಿದೆ.

ಒಂದು ಬೆಳಿಗ್ಗೆ ಅವಳು ತಲೆ ಸುತ್ತಿ ಅಡುಗೆಮನೆಯಲ್ಲೇ ಕುಸಿದಳು. ಡಾಕ್ಟರು ಬಿಪಿ ನೋಡಿ ಗಾಬರಿಯಾದರು. ನಾನು ಎಲ್ಲವನ್ನೂ ಒಪ್ಪಿಕೊಂಡೆ. "ಕಾಕಾ, ಬೇಕಾದ ಮಾತ್ರೆ ಬಿಡಿಸಿ, ಬೇಡವಾದ ಉಪ್ಪು ತಿನ್ನಿಸಿದಿರಲ್ಲ!" ಎಂದರು.

ಅವಳು ಬದುಕಿಕೊಂಡಳು. ಮನೆಗೆ ಬಂದ ಮೇಲೆ ಕೇಳಿದೆ: "ಉಪ್ಪು ಜಾಸ್ತಿ ಅಂತ ಒಂದು ಮಾತು ಹೇಳಬಾರದಿತ್ತೇ?"

"ಊರಿಗೆಲ್ಲ ಮಾಡಿ ಬಡಿಸಿದವರು ನನಗೆ ಅಂತ ಮಾಡಿದ್ದು ಅದೇ ಮೊದಲು. ಹೇಗೆ ಹೇಳಲಿ?"

ಈಗ ದಿನವೂ ಮಾತ್ರೆ ಕೈಗಿಟ್ಟು, ಕೈ ಬಿಗಿಹಿಡಿದು ಉಪ್ಪು ಹಾಕಿ ನಾನೇ ಅಡುಗೆ ಮಾಡುತ್ತೇನೆ. ಸಪ್ಪೆ ಎಂದು ಬೈಯುತ್ತಾ ತಿನ್ನುತ್ತಾಳೆ.