ಬೆನ್ನ ಮೇಲಿನ ಹೆಸರು

ನನ್ನ ಅಕ್ಕನ ಮಗಳಿಗೆ ಇಟ್ಟ ಹೆಸರು ಬೇರೆ. ಅದನ್ನು ಅವಳೇ ಮರೆತಿರಬೇಕು. ನಮ್ಮ ಓಣಿಗೆಲ್ಲ ಅವಳು ಗರಗಸ. ತೊಟ್ಟಿಲಲ್ಲಿದ್ದಾಗಿನ ಅವಳ ಅಳು ಹಾಗಿತ್ತು, ಹೋಗುತ್ತಲೂ ಕೊಯ್ಯುತ್ತಿತ್ತು, ಬರುತ್ತಲೂ ಕೊಯ್ಯುತ್ತಿತ್ತು. ಈಗ ಇಪ್ಪತ್ತು ದಾಟಿದ್ದಾಳೆ, ಒಂದು ಹಲ್ಲೂ ಮೊಂಡಾಗಿಲ್ಲ. ಅವಳ ಬಗ್ಗೆ ಜನರಲ್ಲಿ ಎರಡು ಮಾತಿವೆ. ಒಂದು, ಹುಡುಗಿಗೆ ಸೊಕ್ಕು. ಇನ್ನೊಂದು, ಹುಡುಗಿಗೆ ಭಾರೀ ಸೊಕ್ಕು. ಎರಡನ್ನೂ ಕೇಳಿ ಕೇಳಿ ನನ್ನ ತಲೆ ಕೆಟ್ಟಿದೆ. ಬಾಯಲ್ಲಿ ಹೇಳಹೋದರೆ ಜಗಳವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬೋರ್ಡ್ ಬರೆಯುವವನು. ಶಾಲೆ ನನ್ನನ್ನು ಬೇಗ ಬಿಟ್ಟಿತು, ಅಕ್ಷರ ಬಿಡಲಿಲ್ಲ. ಅಂಗಡಿ ಬೋರ್ಡು, ಲಾರಿಯ ಹಿಂಭಾಗ, ಗೋಡೆಯ ಮೇಲಿನ ಜಾಹೀರಾತು ಎಲ್ಲ ಬರೆದಿದ್ದೇನೆ. ಆದರೆ ನನ್ನ ಹೊಟ್ಟೆ ತುಂಬಿಸಿದವರು ದಾನಿಗಳು. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತಾರಲ್ಲ, ಎಡಗೈ ಹಾಗಿರಲಿ, ಬಸ್ಸಿನಲ್ಲಿ ಹೋಗುವವನಿಗೂ ಗೊತ್ತಾಗುವ ಹಾಗೆ ಬರೆಯುವುದು ನನ್ನ ಕೆಲಸ. ಕಲ್ಲು ಬೆಂಚಿನ ಮೇಲೆ ಬರೆದಿದ್ದೇನೆ, ನೀರಿನ ಡ್ರಮ್ಮಿನ ಮೇಲೆ ಬರೆದಿದ್ದೇನೆ, ಫ್ಯಾನಿನ ರೆಕ್ಕೆಯ ಮೇಲೂ ಬರೆದಿದ್ದೇನೆ. ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲವೆಂದು ಕಡು ಸೆಕೆಯಲ್ಲಿ ಅದನ್ನು ನಿಲ್ಲಿಸಿಟ್ಟ ಪುಣ್ಯಾತ್ಮನನ್ನೂ ಕಂಡಿದ್ದೇನೆ.

ಗರಗಸ ಶಾಲೆಗೆ ಸೇರುವ ಹೊತ್ತಿಗೆ ನನ್ನ ಭಾವ ತೀರಿಕೊಂಡಿದ್ದರು. ಅಕ್ಕ ಬಟ್ಟೆ ಹೊಲಿದು ಮನೆ ನಡೆಸುತ್ತಿದ್ದಳು. ಅವಳು ಐದನೇ ತರಗತಿಯಲ್ಲಿದ್ದ ವರ್ಷ ಒಂದು ಚಪ್ಪಲಿ ಅಂಗಡಿಯವರು ತಂದೆಯಿಲ್ಲದ ಮಕ್ಕಳಿಗೆಲ್ಲ ಬ್ಯಾಗು ಹಂಚಿದರು. ಬ್ಯಾಗು ಗಟ್ಟಿಯಾಗಿತ್ತು, ಸುಳ್ಳು ಹೇಳಬಾರದು. ಅದರ ಮೇಲೆ ದೊಡ್ಡದಾಗಿ ಅಂಗಡಿಯ ಹೆಸರು, ಕೆಳಗೆ ಒಂದು ಜೊತೆ ಚಪ್ಪಲಿಯ ಚಿತ್ರ. ಬ್ಯಾಗು ಹೊತ್ತ ಮರುದಿನದಿಂದಲೇ ತರಗತಿಯ ಮಕ್ಕಳಿಗೆ ಅವಳು "ಚಪ್ಪಲಿ" ಆದಳು. "ಏ ಚಪ್ಪಲಿ, ಬಾ ಇಲ್ಲಿ", "ಚಪ್ಪಲೀನ ಹೊರಗೆ ಬಿಟ್ಟು ಬಾ". ಹುಡುಗಿ ಅಳಲಿಲ್ಲ. ಒಂದು ಸಂಜೆ ಅಮ್ಮನ ಹೊಲಿಗೆ ಯಂತ್ರದ ಮುಂದೆ ಕೂತು, ಬ್ಯಾಗಿನ ಪಟ್ಟಿ ಬಿಚ್ಚಿ, ಬ್ಯಾಗನ್ನು ಒಳಮೈ ಹೊರಗೆ ಮಾಡಿ, ಪಟ್ಟಿಯನ್ನು ಮತ್ತೆ ಹೊಲಿದುಕೊಂಡಳು.

ಮೇಷ್ಟ್ರು ಗದರಿದರಂತೆ. "ಕೊಟ್ಟವರು ನೋಡಿದ್ರೆ ಏನಂದ್ಕೋತಾರೆ?"

"ಅವರ ಹೆಸರು ಒಳಗೆ ಪುಸ್ತಕದ ಜೊತೆ ಇದೆ ಸಾರ್. ಬಿಸಿಲು ತಾಗಲ್ಲ, ಮಳೆ ತಾಗಲ್ಲ."

ಅದನ್ನು ಕೇಳಿ ಅಕ್ಕ ಹಣೆ ಚಚ್ಚಿಕೊಂಡಳು. ನಾನು ನಕ್ಕಿದ್ದೆ. ಆ ಬ್ಯಾಗು ಮುಂದೆ ನನ್ನ ಕಸುಬಿಗೇ ಬೆಂಕಿ ಹಚ್ಚುತ್ತದೆಂದು ಆಗ ನನಗೇನು ಗೊತ್ತು?

ಓದು ಮುಗಿಸಿ ಅವಳು ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಮಾರುವ ದೊಡ್ಡ ಅಂಗಡಿಯೊಂದರ ರಿಪೇರಿ ವಿಭಾಗಕ್ಕೆ ಸೇರಿದಳು. ಅಲ್ಲಿ ರಿಪೇರಿ ಎನ್ನುವುದು ಬೋರ್ಡಿನ ಮೇಲೆ ಮಾತ್ರ ಇತ್ತು. "ಇದರ ಪಾರ್ಟ್ ಈಗ ಬರ್ತಿಲ್ಲ, ಹೊಸದು ತಗೊಳ್ಳಿ" ಎನ್ನುವುದೇ ಕೆಲಸ. ಒಂದು ದಿನ ಯಾರೋ ಹೆಂಗಸು ತಂದ ಇಸ್ತ್ರಿ ಪೆಟ್ಟಿಗೆಯನ್ನು ಇವಳು ಎಲ್ಲರ ಎದುರಿಗೇ ಬಿಚ್ಚಿ, ತುಂಡಾದ ವೈರು ಜೋಡಿಸಿ, ಬಿಸಿ ಮಾಡಿ ತೋರಿಸಿ ಕೊಟ್ಟಳು. ಅಂಗಡಿ ಯಜಮಾನನೂ ಬಿಸಿಯಾದ. ಆ ಸಂಜೆಯೇ ಕೆಲಸ ಹೋಯಿತು.

"ಇನ್ನೇನ್ ಮಾಡ್ತೀಯೇ?" ಎಂದು ನಾನು ಕೂಗಾಡಿದೆ.

"ಬೋರ್ಡಲ್ಲಿ ಏನ್ ಬರೆದಿತ್ತೋ ಅದನ್ನೇ ಮಾಡ್ತೀನಿ ಮಾಮ."

ನಮ್ಮ ಬಡಾವಣೆಯ ಸಂಘದ ಕಟ್ಟಡದ ಪಕ್ಕದಲ್ಲಿ ಒಂದು ಹಳೆಯ ಪಂಪ್ ಕೋಣೆಯಿದೆ. ಮನೆ ಮನೆಗೆ ನಲ್ಲಿ ಬಂದ ಮೇಲೆ ಪಂಪು ಹೋಯಿತು, ಇಲಿ ಬಂದವು. ಗರಗಸ ಓಣಿಯ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಅದನ್ನು ಗುಡಿಸಿ ತೊಳೆದಳು. ವಾರದ ದಿನ ಬೇರೆ ಕಡೆ ದುಡಿದು, ಭಾನುವಾರ ಎಲ್ಲರೂ ಅಲ್ಲಿ ಸೇರಿ ಕೆಟ್ಟದ್ದನ್ನು ರಿಪೇರಿ ಮಾಡತೊಡಗಿದರು. ಬೇಡವೆಂದು ಬಿಟ್ಟುಹೋದ ಸಾಮಾನನ್ನು ಸರಿಮಾಡಿ, ಬೇಕಾದವರಿಗೆ ಹಾಗೇ ಕೊಡುತ್ತಿದ್ದರು.

ಒಂದೇ ಕಟ್ಟಳೆ. ತಂದವರು ಬಿಟ್ಟು ಹೋಗುವಂತಿಲ್ಲ, ಕೂತು ಹಿಡಿಯಬೇಕು. ಸ್ಟೂಲಿನ ಕಾಲಿಗೆ ಅಂಟು ಹಾಕಿದರೆ ಅದು ಒಣಗುವವರೆಗೆ ಹಿಡಿಯಬೇಕು. ಪುಕ್ಕಟೆ ಪಡೆದವರೂ ಇನ್ನೊಂದು ಭಾನುವಾರ ಬಂದು ಬೇರೆಯವರ ಸಾಮಾನಿಗೆ ಕೈ ಕೊಡಬೇಕು. ಅಷ್ಟೇ. ಕೈ ಮುಗಿಯುವುದಿಲ್ಲ, ಫೋಟೊ ಇಲ್ಲ. ಮನೆ ಪಾಲಾದಂದಿನಿಂದ ಮುಖ ನೋಡದ ಇಬ್ಬರು ಓರಗಿತ್ತಿಯರು ಒಂದು ಮಂಚದ ಎರಡು ತುದಿ ಹಿಡಿಯಬೇಕಾಯಿತು. "ನಿನ್ನ ಕಡೆ ಸ್ವಲ್ಪ ಎತ್ತೇ" ಎಂಬುದು ಅವರ ನಡುವೆ ಬಂದ ಮೊದಲ ಮಾತು. ಆಮೇಲೆ ಇಬ್ಬರೂ ಸೇರಿ ಅತ್ತೆಯನ್ನು ಬೈದುಕೊಂಡು ಮಂಚ ಹೊತ್ತು ಹೋದರು. ಕಸದ ಗಾಡಿಯವನಂತೂ ನನ್ನ ಹತ್ತಿರ ದೂರು ತಂದ: "ಏನ್ ಪೇಂಟರ್ರೇ, ನಿಮ್ಮ ಓಣೀಲಿ ಬರೇ ತರಕಾರಿ ಸಿಪ್ಪೆ ಹಾಕ್ತಾರೆ. ಗುಜರಿಗೆ ಹಾಕೋಕೆ ಒಂದು ಬಕೆಟ್ಟೂ ಸಿಗ್ತಿಲ್ಲ. ನಾವ್ ಬದುಕೋದು ಬೇಡ್ವಾ?"

ಹೀಗೆ ನಡೆಯುತ್ತಿರುವಾಗ ಕುರ್ಚಿಗಳ ಪ್ರಸಂಗ ಬಂತು.

ಸಂಘದ ಕಟ್ಟಡದಲ್ಲಿ ಮರದ ಕುರ್ಚಿಗಳಿವೆ. ಟೈಲ್ಸ್ ಅಂಗಡಿಯ ಧಣಿ ಕೊಟ್ಟದ್ದು. ಸಂಜೆ ಹೊತ್ತು ಓಣಿಯ ಮಕ್ಕಳು ಅವುಗಳ ಮೇಲೆ ಕೂತು ಪಾಠ ಹೇಳಿಸಿಕೊಳ್ಳುತ್ತಾರೆ. ಪ್ರತಿ ಕುರ್ಚಿಯ ಬೆನ್ನಿಗೂ ಧಣಿಯ ಹೆಸರು, ಅಂಗಡಿಯ ಹೆಸರು, ಕೆಂಪು ಅಕ್ಷರ, ಹಳದಿ ನೆರಳು. ಬರೆದವನು ನಾನು. ಎಲ್ಲವೂ ಕಾಲು ಅಲ್ಲಾಡಿ ಮೂಲೆ ಸೇರಿದಾಗ ಸಂಘದ ಅಧ್ಯಕ್ಷರು ಹುಡುಗರಿಗೆ ಹೇಳಿದರು, "ಹೇಗೂ ಮಾಡ್ತೀರಲ್ಲ, ಇವನ್ನೂ ಮಾಡಿಬಿಡಿ."

ಆ ಭಾನುವಾರ ನಾನು ಸುಮ್ಮನೆ ನೋಡಲು ಹೋದೆ. ಕುರ್ಚಿಗಳೆಲ್ಲ ನೆಟ್ಟಗೆ ನಿಂತಿವೆ. ಬೆನ್ನು ಬೋಳು. ಪಾಲಿಶ್ ಪೇಪರಿನಲ್ಲಿ ಉಜ್ಜಿ ಉಜ್ಜಿ ಬಿಳಿ ಮರ ಕಾಣುವಂತೆ ಮಾಡಿದ್ದಾರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನನ್ನ ನೆತ್ತಿಗೆ ಬೆಂಕಿ ಹತ್ತಿತು.

"ಏಯ್! ಯಾರೇ ನಿಂಗೆ ಉಜ್ಜು ಅಂದಿದ್ದು?"

"ಉಜ್ಜದೆ ಬಣ್ಣ ಹೊಡೆದ್ರೆ ನಿಲ್ಲುತ್ತಾ ಮಾಮ? ನೀನೇ ಅಲ್ವಾ ಹೇಳಿಕೊಟ್ಟಿದ್ದು?"

"ಹೆಸರು ಎಲ್ಲೇ ಹೋಯ್ತು?"

ಅವಳು ಕುರ್ಚಿ ನೋಡಿದಳು. ಹುಡುಗರು ಅವಳನ್ನು ನೋಡಿದರು. "ಅಯ್ಯೋ" ಎಂದಳು. ನಿಜವಾಗಿಯೂ ಅವರ ತಲೆಗೆ ಹೊಳೆದೇ ಇರಲಿಲ್ಲ. ಅವರ ಕಣ್ಣಿಗೆ ಅದು ಹಳೆಯ ಬಣ್ಣ, ಕೆರೆದು ತೆಗೆಯಬೇಕಾದ ಬಣ್ಣ. ಇಡೀ ಊರಲ್ಲಿ ಇಂಥ ತಪ್ಪು ಮಾಡಲು ಈ ಮಕ್ಕಳಿಗೆ ಮಾತ್ರ ಸಾಧ್ಯ. ಬೇರೆ ಯಾರೇ ಆಗಿದ್ದರೂ ಕಾಲು ಮುರಿದ ಕುರ್ಚಿಯನ್ನು ಹಾಗೇ ಬಿಟ್ಟು, ಹೆಸರಿನ ಧೂಳು ಮೊದಲು ಒರೆಸುತ್ತಿದ್ದರು.

ಮುಂದಿನ ಭಾನುವಾರ ಅಧ್ಯಕ್ಷರು ಧಣಿಯನ್ನು ಕರೆದುಕೊಂಡೇ ಬಂದರು. ಗರಗಸ ಮೊದಲೇ ಎದ್ದು ಹೇಳಿದಳು, "ಉಜ್ಜುವಾಗ ನಾವು ಗಮನಿಸಲಿಲ್ಲ. ಅದು ನಮ್ಮ ತಪ್ಪು ಸಾರ್."

ಧಣಿ ಕೆಟ್ಟವರಲ್ಲ. ನಕ್ಕರು. "ಪರವಾಗಿಲ್ಲ ಬಿಡಮ್ಮ. ಪೇಂಟರ್ ಇಲ್ಲೇ ಇದ್ದಾರೆ, ಮತ್ತೆ ಬರೆಸಿದ್ರಾಯ್ತು."

"ಮತ್ತೆ ಬರೆಸಲ್ಲ ಸಾರ್."

ಪಂಪ್ ಕೋಣೆಯಲ್ಲಿ ಸುತ್ತಿಗೆ ಸದ್ದು ನಿಂತಿತು.

"ಅಂದ್ರೆ? ಕೊಟ್ಟೋನಿಗೆ ಒಂದು ಹೆಸರೂ ಬೇಡ್ವಾ?"

"ನೀವು ಕೊಟ್ಟಿದ್ದು ಕುರ್ಚೀನೋ ಬೋರ್ಡೋ? ಕುರ್ಚಿ ಆದ್ರೆ ಮಕ್ಕಳು ಕೂತ್ಕೋತಾರೆ. ಬೋರ್ಡ್ ಆದ್ರೆ ತಗೊಂಡು ಹೋಗಿ, ಅವರು ನೆಲದ ಮೇಲೆ ಕೂರ್ತಾರೆ."

ಅಧ್ಯಕ್ಷರ ಮುಖ ಇಟ್ಟಿಗೆಯ ಹಾಗಾಯಿತು. "ಏನಮ್ಮ ಮಾತಾಡ್ತಿದೀಯ! ಸಂಘದ ಚಾವಣಿಯನ್ನೂ ಅವರೇ ಮಾಡಿಸಿಕೊಡಬೇಕು, ಗೊತ್ತಿದೆಯಾ?"

ಧಣಿ ಮಾತ್ರ ಅವಳನ್ನೇ ನೋಡುತ್ತಾ ಕೇಳಿದರು, "ಹೆಸರೂ ಇಲ್ಲ ಅಂದ್ಮೇಲೆ ಕೊಟ್ಟೋನಿಗೆ ಸಿಗೋದಾದ್ರೂ ಏನು?"

"ಕೂತು ಹಿಡೀರಿ ಸಾರ್, ಗೊತ್ತಾಗುತ್ತೆ." ಅವಳು ಒಂದು ಸ್ಟೂಲನ್ನು ಅವರ ಕಡೆ ತಳ್ಳಿದಳು.

ಅವರು ಕೂರಲಿಲ್ಲ. ಹೊರಗೆ ಹೋಗಿ ಅಧ್ಯಕ್ಷರು ತೀರ್ಪು ಹೇಳಿದರು. ಬರುವ ಭಾನುವಾರದೊಳಗೆ ಎಲ್ಲ ಕುರ್ಚಿಗೂ ಹೆಸರು ಬರಬೇಕು, ಇಲ್ಲದಿದ್ದರೆ ಪಂಪ್ ಕೋಣೆಗೆ ಬೀಗ.

ಅಕ್ಕ ಗೋಳೋ ಎಂದು ಅತ್ತಳು. "ಇಷ್ಟು ಕಷ್ಟಪಟ್ಟು ಕಟ್ಟಿದ್ದನ್ನ ನಾಲ್ಕು ಅಕ್ಷರಕ್ಕೋಸ್ಕರ ಕಳ್ಕೋತೀಯೇನೇ? ಬರೆದುಕೊಂಡು ಹಾಳಾಗಿ ಹೋಗಲಿ ಬಿಡು."

"ಚಪ್ಪಲಿ ಅಂತ ಕರೆಸ್ಕೊಂಡಿದ್ದು ನೀನಲ್ಲ ಅಮ್ಮ, ನಾನು. ಆ ಮಕ್ಕಳು ಟೈಲ್ಸ್ ಅಂತ ಕರೆಸ್ಕೊಳ್ಳೋದು ಬೇಡ."

ಆ ಮಾತಿಗೆ ನನ್ನ ಸಿಟ್ಟು ಇಳಿಯಿತು. ಅಧ್ಯಕ್ಷರು ನನ್ನ ಮನೆಗೇ ಬಂದರು. ಸೋದರ ಸೊಸೆಯ ಹಟಕ್ಕೆ ಮಾವನ ಕುಂಚದಿಂದಲೇ ಮದ್ದು ಅರೆಯುವ ಯೋಚನೆ.

"ಪೇಂಟರ್ರೇ, ನೀವಾದ್ರೂ ಬುದ್ಧಿವಂತರು. ಬಂದು ಬರೆದುಬಿಡಿ."

"ಕುಂಚದ ಕೂದಲು ಉದುರಿದೆ."

"ಹೊಸದು ತಗೊಳ್ಳಿ."

"ಹೊಸದು ತಗೊಳ್ಳೋದು ನಮ್ಮ ಓಣೀಲಿ ನಿಂತುಹೋಗಿದೆ ಸ್ವಾಮಿ. ರಿಪೇರಿ ಮಾಡಿಸಬೇಕು. ಅದಕ್ಕೆ ಆ ಕೋಣೆ ತೆರೆದಿರಬೇಕು."

ಇನ್ನೂ ಎರಡು ಮಾತು ಹೇಳಿದೆ, ಅವು ಇಲ್ಲಿ ಬರೆಯುವಂಥವಲ್ಲ. ಕೋಣೆಗೆ ಬೀಗ ಬಿತ್ತು.

ಭಾನುವಾರ ಬೆಳಿಗ್ಗೆ ಗರಗಸ ಬೀಗದ ಮುಂದೆ ನಿಂತು ಅದನ್ನು ಒಮ್ಮೆ ಜಗ್ಗಿ ನೋಡಿದಳು. ಆಮೇಲೆ ತಿರುಗಿ, ಓಣಿಯ ಮಧ್ಯದಲ್ಲೇ ಒಂದು ಗೋಣಿಚೀಲ ಹಾಸಿ ಕೂತಳು. ಉಪಕರಣಗಳೆಲ್ಲ ಒಳಗಿವೆ, ಕೈಯಲ್ಲಿರುವುದು ಒಂದು ಸ್ಕ್ರೂ ಡ್ರೈವರ್ ಅಷ್ಟೇ. ನಾನು ಮನೆಗೆ ಹೋಗಿ ನನ್ನ ಏಣಿ ಹೊತ್ತು ತಂದೆ. ನಾನು ಬರುವಷ್ಟರಲ್ಲಿ ಓರಗಿತ್ತಿಯರು ಆ ಮಂಚವನ್ನೇ ಹೊತ್ತು ತಂದಿದ್ದರು. "ಮೇಜು ಮಾಡ್ಕೊಳ್ರಿ. ರಾತ್ರಿಗೆ ವಾಪಸ್ ಬೇಕು ಮತ್ತೆ, ಅತ್ತೆ ಮಲಗ್ಬೇಕು." ಟೇಬಲ್ ಫ್ಯಾನು ಪಡೆದಿದ್ದ ದರ್ಜಿ ಅದನ್ನು ತಂದು ತನ್ನ ಅಂಗಡಿಯಿಂದ ವೈರು ಎಳೆದ. ಯಾರೋ ಇಕ್ಕಳ ತಂದರು, ಯಾರೋ ಸುತ್ತಿಗೆ. ಈ ಮಕ್ಕಳು ಕೊಟ್ಟದ್ದೆಲ್ಲ ಕಾಲು ಬಂದಂತೆ ಮನೆಗಳಿಂದ ಹೊರಟು ಬಂತು. ಯಾರೂ ಕರೆದಿರಲಿಲ್ಲ. ಗರಗಸ ತಲೆ ತಗ್ಗಿಸಿ ಸ್ಕ್ರೂ ಬಿಚ್ಚುತ್ತಿದ್ದಳು, ಅವಳ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೆವರೋ ಏನೋ, ನಾನು ಕೇಳಲಿಲ್ಲ.

ಅಧ್ಯಕ್ಷರು ಸ್ಕೂಟರಿನಲ್ಲಿ ಬಂದರು. ದಾರಿಯಿಲ್ಲ. "ಇದು ರಸ್ತೆ! ಎಲ್ಲ ಏಳಿ!" ಎಂದು ಕೂಗಿದರು. ಆಮೇಲೆ ಕಂಡದ್ದು, ಮಂಚದ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತ ಅವರ ತಾಯಿ. ಎರಡು ಕೈಯಲ್ಲೂ ಒಂದು ರೇಡಿಯೊ ಅದುಮಿ ಹಿಡಿದಿದ್ದಾರೆ.

"ಅಮ್ಮ! ನೀವು ಇಲ್ಲೇನು? ಏಳಿ, ಮನೆಗೆ ಹೋಗೋಣ."

"ಅಂಟು ಹಾಕಿದಾರೆ, ಹಿಡ್ಕೊಂಡಿದೀನಿ, ಕಾಣ್ಸಲ್ವೇನೋ? ಬಿಟ್ರೆ ಬಾಯಿ ಬಿಡುತ್ತೆ. ನೀನು ಮೊದಲು ನಿನ್ನದನ್ನ ಮುಚ್ಚು."

ಓಣಿಯೆಲ್ಲ ನಕ್ಕಿತು. ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ?

ಹೀಗೇ ಭಾನುವಾರಗಳು ಕಳೆದವು. ಮಳೆ ಬಂದರೆ ದರ್ಜಿಯ ಜಗುಲಿ, ಬಿಸಿಲು ಬಂದರೆ ನನ್ನ ಏಣಿಗೆ ಕಟ್ಟಿದ ತಾಡಪಾಲು. ಧಣಿ ಚಾವಣಿ ಮಾಡಿಸಲಿಲ್ಲ. ಸಂಘದ ಕಟ್ಟಡ ಸೋರತೊಡಗಿತು. ಸೋರುವ ಹಂಚನ್ನು ಸರಿಪಡಿಸಲು ಏಣಿ ಹತ್ತುವವರು ಯಾರು? ಈ ಮಕ್ಕಳೇ. ಅವರಿಗೆ ಬೇಕಾದ ಸಾಮಾನು ಬೀಗದೊಳಗೆ. ಕೊನೆಗೊಂದು ಭಾನುವಾರ ಅಧ್ಯಕ್ಷರು ಕಾಲೆಳೆದುಕೊಂಡು ಬಂದು, ಗರಗಸದ ಮುಂದೆ ಬೀಗದ ಕೈ ಚಾಚಿದರು.

"ತಗೋಮ್ಮ. ಹೆಸರಿನ ಮಾತು ಬಿಡು. ಕೋಣೆ ತೆಗೆದುಕೋ."

"ಹಾಕಿದವರು ನೀವು ಅಂಕಲ್, ನೀವೇ ತೆಗೀರಿ."

ಅವರು ತಿರುಗಿಸಿದರು. ಮಳೆಗೆ ನೆನೆದೂ ನೆನೆದೂ ಬೀಗ ತುಕ್ಕು ಹಿಡಿದು ಕೂತಿತ್ತು. ಬೀಗದ ಕೈ ಒಳಗೇ ಮುರಿಯಿತು. ಅಧ್ಯಕ್ಷರು ಅರ್ಧ ಬೀಗದ ಕೈ ಹಿಡಿದು ನಮ್ಮೆಲ್ಲರ ಮುಖ ನೋಡಿದರು.

"ಕೆಟ್ಟಿದೆ" ಎಂದರು.

"ನಮ್ಮ ಕಟ್ಟಳೆ ಗೊತ್ತಲ್ಲ ಅಂಕಲ್? ಕೆಟ್ಟಿದ್ದು ತಂದವರು ಹಿಡೀಬೇಕು." ಅವಳು ಬಾಗಿಲಿನ ಕೀಲುಗಳ ಕಡೆ, ಚೌಕಟ್ಟಿಗೆ ಬಡಿದ ಚಿಲಕದ ಕೊಂಡಿಯ ಕಡೆ ಸ್ಕ್ರೂ ಡ್ರೈವರ್ ತೋರಿಸಿದಳು. "ಬೀಗ ಹಾಗೇ ಇರಲಿ. ಬಾಗಿಲೇ ಬಿಚ್ಚೋಣ. ಕೆಳಗಡೆಯಿಂದ ಹಿಡ್ಕೊಳ್ಳಿ."

ಅವರು ಹಿಡಿದರು. ಬೇರೆ ದಾರಿಯಿರಲಿಲ್ಲ, ಹಿಂದೆ ಅವರಮ್ಮ ನಿಂತಿದ್ದರು. ಇನ್ನೊಂದು ಮಗ್ಗುಲು ಹಿಡಿದವನು ನಾನು. ಅದು ಹಳೆಯ ಕಾಲದ ಮರ, ಹೆಣಭಾರ. ಒಂದೊಂದು ಸ್ಕ್ರೂ ಕಳಚಿದ ಹಾಗೆಲ್ಲ ಭಾರ ನಮ್ಮ ಕೈಗೆ ಇಳಿಯಿತು. "ನಿಮ್ಮ ಕಡೆ ಎತ್ರೀ" ಎಂದೆ. "ಎತ್ತಿದೀನಿ ಕಣ್ರೀ, ನೀವ್ ಎತ್ರಿ" ಎಂದರು. ಬಾಗಿಲು ಬಿಟ್ಟು ಬಂದಾಗ ಹುಡುಗರೆಲ್ಲ ಹೋ ಎಂದರು, ಅಧ್ಯಕ್ಷರೂ ಮೈಮರೆತು ಹೋ ಎಂದುಬಿಟ್ಟರು. ಅಂಗಿಯ ತುಂಬ ತುಕ್ಕು. ಆದರೆ ಅವರು ಮನೆಗೆ ಹೋಗಲಿಲ್ಲ. ಟೀ ತರಿಸಿದರು, ಮಧ್ಯಾಹ್ನದವರೆಗೆ ಅಲ್ಲೇ ಯಾರದೋ ಕುಕ್ಕರಿನ ಹಿಡಿ ಹಿಡಿದು ಕೂತರು. ಏನು ಸಿಗುತ್ತದೆ ಎಂದು ಧಣಿ ಕೇಳಿದ್ದರಲ್ಲ, ಆ ದಿನ ಬಂದಿದ್ದರೆ ಅಧ್ಯಕ್ಷರ ಮುಖ ತೋರಿಸಬಹುದಿತ್ತು.

ಆ ಬಾಗಿಲು ಈಗ ಕೋಣೆಯೊಳಗೆ ಇಟ್ಟಿಗೆಯ ಮೇಲೆ ಅಡ್ಡ ಮಲಗಿದೆ, ಮಕ್ಕಳ ಕೆಲಸದ ಮೇಜು ಅದೇ. ತೆಗೆಯಲಾರದ ಬೀಗ ಅದರ ಅಂಚಿಗೆ ನೇತಾಡುತ್ತಿದೆ. ಕುರ್ಚಿಗಳ ಬೆನ್ನಿಗೆ ನೀಲಿ ಬಣ್ಣ ಹೊಡೆದವನು ನಾನು. ಒಂದಕ್ಷರವೂ ಬರೆದಿಲ್ಲ, ಯಾರು ಬಂದು ಏನು ಹೇಳಿದರೂ ಬರೆಯುವುದೂ ಇಲ್ಲ.

"ಬಾಗಿಲು ವಾಪಸ್ ಯಾವಾಗ ಹಾಕ್ತೀರಮ್ಮ?" ಎಂದು ಅಧ್ಯಕ್ಷರು ಆಗಾಗ ಕೇಳುತ್ತಾರೆ. "ತೆರೆದೇ ಇದ್ರೆ ಸಾಮಾನು ಕದ್ದುಕೊಂಡು ಹೋಗಲ್ವಾ?"

ಗರಗಸ ತಲೆ ಎತ್ತುವುದಿಲ್ಲ.

"ಹೋಗಲಿ ಅಂಕಲ್. ಕೆಟ್ಟಾಗ ಇಲ್ಲಿಗೇ ತರಬೇಕು. ತರಲಿ, ಕೂತು ಹಿಡೀಲಿ."