ಇಸ್ತ್ರಿ ಮಾಡಿದ ಪ್ರಬಂಧಗಳು

ನೆನೆದ ಕಾಗದಕ್ಕೆ ಇಸ್ತ್ರಿ ಹಾಕಿದರೆ ಒಂದು ವಾಸನೆ ಬರುತ್ತದೆ, ಅರ್ಧ ಗಂಜಿಯದು, ಅರ್ಧ ಮಸಿಯದು. ನಿಮಗೆ ಅದರ ಪರಿಚಯ ಇರಲಾರದು; ಪುಸ್ತಕಕ್ಕೆ ಇಸ್ತ್ರಿ ಮಾಡುವವರು ಹೆಚ್ಚಿಲ್ಲ. ಈ ವಾರದ ಗಾಳಿಮಳೆಗೆ ನಾನು ಪಾಠ ಹೇಳುವ ಕಾಲೇಜಿಗೆ ರಜೆ. ಕಿಟಕಿ ಮುಚ್ಚಲು ಮರೆತು ಲೈಬ್ರರಿಯ ಪುಸ್ತಕವೊಂದನ್ನು ನೆನೆಸಿದೆ. ಅದರ ಮೇಲೆ ಇಸ್ತ್ರಿಪೆಟ್ಟಿಗೆ ಆಡಿಸುವಾಗ ವಿಮಲಾ ನೆನಪಾದಳು.

ಆಗ ನಾವು ಮೈಸೂರಿನಿಂದ ಜಯನಗರಕ್ಕೆ ಬಂದು ಎರಡು ತಿಂಗಳಾಗಿತ್ತು. ಜಯನಗರವೆಂದರೆ ಸೈಟುಗಳಿಗೆ ನೆಟ್ಟ ಕಲ್ಲುಗಳು, ಅಲ್ಲಲ್ಲಿ ಮನೆಗಳು. ನಾನು ಐದನೆಯ ತರಗತಿ. ಗಂಭೀರ ಹುಡುಗಿ ಎಂದು ದೊಡ್ಡವರು ಮೆಚ್ಚುತ್ತಿದ್ದರು. ಗಂಭೀರ ಹುಡುಗಿಯನ್ನು ಯಾರೂ ಆಟಕ್ಕೆ ಕರೆಯುವುದಿಲ್ಲವೆಂದು ಅವರಿಗೆ ಹೊಳೆದಿರಲಿಲ್ಲ.

ಕಾರ್ತಿಕ ಕಳೆಯುವ ಹೊತ್ತಿಗೆ ಮದರಾಸಿನ ಕಡೆಯ ಚಂಡಮಾರುತ ಇಲ್ಲಿಗೂ ಬಂತು. ಎರಡು ದಿನದ ಗಾಳಿಗೆ ಶಾಲೆಯ ಹೆಂಚುಗಳು ಹಾರಿ ಎದುರಿನ ಖಾಲಿ ಸೈಟಿನಲ್ಲಿ ಚೂರಾದವು. ಮಾಡು ಸರಿಯಾಗುವವರೆಗೆ ಶಾಲೆ ಮುಚ್ಚಿತು. ಬೀರುವಿನಲ್ಲಿದ್ದ ನಮ್ಮ ತರಗತಿಯ ಪ್ರಬಂಧದ ನೋಟುಪುಸ್ತಕಗಳೆಲ್ಲ ನೆನೆದಿದ್ದವು. ಶಾಲೆಯ ಹಿಂದೆಯೇ ಇದ್ದ ನಮ್ಮದು ಸೋರದ ತಾರಸಿ ಮನೆ. ಟೀಚರ್ ಅವನ್ನು ತಂದು, ಒಣಗಿಸಿಡು ಎಂದು ನನಗೆ ಒಪ್ಪಿಸಿದರು.

ಹತ್ತು ದಿನ ಅದೇ ನನ್ನ ಶಾಲೆ. ಅಜ್ಜಿ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿಕೊಡುತ್ತಿದ್ದರು, ನಾನು ಹಾಳೆಹಾಳೆಗೂ ಇಸ್ತ್ರಿ ಮಾಡುತ್ತಿದ್ದೆ. ಎಲ್ಲರ ಕೊನೆಯ ಪ್ರಬಂಧವೂ ‘ನನ್ನ ಗೆಳತಿ’. ಓದಬಾರದೆಂದುಕೊಂಡೇ ಎಲ್ಲವನ್ನೂ ಓದಿದೆ. ಯಾರದರಲ್ಲಾದರೂ ನಾನಿರಬಹುದೆಂದು ಹುಡುಕಿದೆ. ಇರಲಿಲ್ಲ.

ವಿಮಲಾಳ ಪುಸ್ತಕದಲ್ಲಿ ಮಾತ್ರ ಗೆಳತಿಯ ಹೆಸರೇ ಇರಲಿಲ್ಲ. ಮೊದಲ ಸಾಲಿನಲ್ಲಿ ಅದಿದ್ದ ಜಾಗ ನೀಲಿ ಕಲೆಯಾಗಿತ್ತು. ಮುಂದೆಲ್ಲ ಬರೀ ‘ಅವಳು’. ಅದು ಪದ್ಮ ಎಂದು ನನಗೆ ಗೊತ್ತಿತ್ತು. ಇಬ್ಬರೂ ಒಂದೇ ಡಬ್ಬಿಯಲ್ಲಿ ತಿನ್ನುತ್ತಿದ್ದವರು. ಆದರೂ ಕಲೆ ಒಣಗಿದ ಮೇಲೆ ಅಲ್ಲಿ ದುಂಡಗೆ ನನ್ನ ಹೆಸರು ಬರೆದೆ. ಯಾರಿಗೂ ಕಾಣಲಿ ಎಂದಲ್ಲ. ಒಂದು ಕಡೆಯಾದರೂ ಇರಲಿ ಎಂದು.

ಶಾಲೆ ತೆರೆದ ದಿನ ಟೀಚರ್ ಪುಸ್ತಕಗಳನ್ನು ಹಂಚಿ, ಗಟ್ಟಿಯಾಗಿ ಓದಿ ಎಂದರು. ಇದನ್ನು ನಾನು ಯೋಚಿಸಿರಲಿಲ್ಲ. ವಿಮಲಾ ಎದ್ದು ನಿಂತಳು, ಹಾಳೆ ನೋಡಿದಳು, ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ನನ್ನ ಹೆಸರನ್ನೇ ಓದಿದಳು. ಅವಳು ಸೀಬೆ ಮರ ಸರಸರ ಹತ್ತುತ್ತಾಳೆ, ಹುಡುಗರ ಜೊತೆ ಜಗಳಕ್ಕೆ ಹೆದರುವುದಿಲ್ಲ ಎಂದೆಲ್ಲ ಓದುತ್ತಾ ಹೋದಳು. ತರಗತಿ ಬಿದ್ದು ಬಿದ್ದು ನಕ್ಕಿತು. ನಾನು ಮೆಟ್ಟಿಲನ್ನೂ ಗೋಡೆ ಹಿಡಿದು ಹತ್ತುವವಳು. ನಗದವಳು ಪದ್ಮ ಒಬ್ಬಳೇ. ಗಂಟೆ ಹೊಡೆಯುವುದಕ್ಕೆ ಮೊದಲೇ ಅವಳು ವಿಮಲಾಳಿಗೆ ಟೂ ಬಿಟ್ಟಿದ್ದಳು.

ನಲ್ಲಿಯ ಹತ್ತಿರ ವಿಮಲಾ ಸಿಕ್ಕಳು.

“ನೀನೇ ಬರ್ಕೊಂಡ್ಯಾ?”

ಹೌದೆಂದು ತಲೆಯಾಡಿಸಿದೆ.

“ಟೀಚರ್‌ಗೆ ಗೊತ್ತಾಗಿದ್ರೆ ನಿನ್ನನ್ನ ಬೆಂಚ್ ಮೇಲೆ ನಿಲ್ಲಿಸ್ತಿದ್ರು. ಅದಕ್ಕೇ ಓದ್ದೆ. ಈಗ ಪದ್ಮ ನನ್ನ ಮುಖ ಕೂಡ ನೋಡ್ತಿಲ್ಲ ಕಣೇ.”

ಪದ್ಮಳಿಗೆ ನಿಜ ಹೇಳುತ್ತೇನೆ ಎನ್ನಬೇಕಿತ್ತು. ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದೆ. ವಿಮಲಾ ಕೈ ಒರೆಸಿಕೊಂಡು ಹೋದಳು. ಅವರಿಬ್ಬರು ರಾಜಿಯಾಗಲು ಸಂಕ್ರಾಂತಿ ಬರಬೇಕಾಯಿತು. ನಿಜವನ್ನು ವಿಮಲಾಳೂ ಹೇಳಲಿಲ್ಲ. ಹೇಳಿದ್ದರೆ ಪದ್ಮ ನನ್ನನ್ನು ಬಿಡುತ್ತಿರಲಿಲ್ಲ. ಮಾರ್ಚಿನಲ್ಲಿ ವಿಮಲಾಳ ತಂದೆಗೆ ವರ್ಗವಾಗಿ ಅವರು ಊರು ಬಿಟ್ಟರು.

ಅವಳು ನನಗೆ ಗೆಳತಿಯಾಗಲೇ ಇಲ್ಲವೆಂದು ಇಷ್ಟು ವರ್ಷ ನಂಬಿದ್ದೆ. ಇಂದು ಮಳೆ ನಿಂತ ಮಧ್ಯಾಹ್ನ ಒಬ್ಬಳೇ ಕುಳಿತು ಲೆಕ್ಕ ಹಾಕಿದರೆ, ನನಗಾಗಿ ಅಷ್ಟನ್ನು ಕಳೆದುಕೊಂಡವರು ಬೇರೆ ಯಾರೂ ಸಿಗುವುದಿಲ್ಲ. ‘ನನ್ನ ಗೆಳತಿ’ ಎಂಬ ವಿಷಯದ ಮೇಲೆ ಬರೆಯೆಂದು ಯಾರಾದರೂ ಹೇಳಿದರೆ ನಾನು ವಿಮಲಾಳ ಹೆಸರು ಬರೆಯುತ್ತೇನೆ. ಈ ಸಲವೂ, ಅವಳನ್ನು ಕೇಳದೆಯೇ.